ಮೊಣಕಾಲಿನಾಕಿಯ ಸೆಮಿಫೈನಲ್

ಟೆನಿಸ್ ಆಡುವುದನ್ನು ನಾನು ಆಗ ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ನಮ್ಮೂರು ಮೊರಬದಲ್ಲಿ ಹುಲ್ಲು ಅಂದರೆ ಎತ್ತಿನ ಮುಂದೆ ಹಾಕುವುದು. ಅದನ್ನು ಕತ್ತರಿಸಿ, ನೀರು ಉಣಿಸಿ, ಮೇಲೆ ಬಿಳಿ ಗೆರೆ ಎಳೆದು, ಅದರ ಮೇಲೆ ಹೆಣ್ಣುಮಕ್ಕಳು ಚೆಂಡು ಹೊಡೆಯುತ್ತಾರೆ ಎಂದರೆ ನಮ್ಮ ಓಣಿಯ ಯಾರೂ ನಂಬುತ್ತಿರಲಿಲ್ಲ. ಆದರೂ ಇಂಗ್ಲೆಂಡಿನ ಯಾವ ಆಟಗಾರ್ತಿಗೆ ಮೊಣಕಾಲು ನೋವು, ಯಾರು ಎಡಗೈಯವಳು, ಯಾರು ಸೋತಾಗ ಅಳುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಗೊತ್ತು ಮಾಡಿಸಿದವನು ಕಾಕಾ.

ಕಾಕಾ ಅಂದರೆ ಅಪ್ಪನ ತಮ್ಮ. ಊರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ. ಮದುವೆ ಬೇಡವೆಂದು ಇಡೀ ಬಳಗದ ಎದುರು ವಾದ ಮಾಡಿ ಗೆದ್ದವನು ಎಂದು ಮನೆಯಲ್ಲಿ ಅವನ ಖ್ಯಾತಿ. ಏಳನೇ ಇಯತ್ತೆಯಿಂದ ನನ್ನನ್ನು ಚರ್ಚಾ ಸ್ಪರ್ಧೆಗಳಿಗೆ ತಯಾರು ಮಾಡಿದವನೂ ಅವನೇ. ಅವನ ಪಾಠದಲ್ಲಿ ಎರಡು ನಿಯಮ. ಪುರಾವೆ ಇಲ್ಲದ ಮಾತು ಬಾಯಿಗೆ ತರಬಾರದು. ಎದುರಾಳಿ ಖಂಡಿಸುವಾಗ ತಲೆ ಕೆಳಗೆ ಹಾಕಬಾರದು, ಹಾಕಿದವನು ಸೋತ.

ಪ್ರತಿ ವರ್ಷ ಹೊಲದಲ್ಲಿ ಹೆಸರುಕಾಳು ಬಿತ್ತಿದ ಮೇಲೆ ಆ ಹುಲ್ಲಿನ ಪಂದ್ಯಾವಳಿ ಬರುತ್ತಿತ್ತು. ಸಂಜೆ ನಾವಿಬ್ಬರೂ ಮಾಳಿಗೆ ಏರುತ್ತಿದ್ದೆವು. ಕಾಕಾನ ಹಳೆಯ ಟ್ರಾನ್ಸಿಸ್ಟರಿನಲ್ಲಿ ವಿಲಾಯತಿಯ ದನಿ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸಿಡಿಯುತ್ತಿತ್ತು. ಇಂಗ್ಲಿಷ್ ಓದಲು ನನಗೆ ಬರುತ್ತಿತ್ತು, ಆ ಸಿಡಿತದೊಳಗಿಂದ ಹೆಕ್ಕಲು ಬರುತ್ತಿರಲಿಲ್ಲ. ಕಾಕಾ ರೇಡಿಯೋವನ್ನು ಕಿವಿಗೆ ಒತ್ತಿ ಹಿಡಿದು, ಇನ್ನೊಂದು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿ, ಕೇಳಿಯಾದ ಮೇಲೆ ಕನ್ನಡದಲ್ಲಿ ಹೇಳುತ್ತಿದ್ದ. ನಮ್ಮ ಕನ್ನಡ ಪತ್ರಿಕೆ ಆ ಆಟವನ್ನು ನೆನೆಸಿಕೊಳ್ಳುತ್ತಿದ್ದುದು ಫೈನಲ್ ಮುಗಿದ ಮೇಲೆ, ಒಂದು ಫೋಟೋದೊಂದಿಗೆ. ಹೀಗಾಗಿ ಹದಿನೈದು ದಿನದ ಸುದ್ದಿಗೆಲ್ಲ ನನಗೆ ಕಾಕಾನ ಕಿವಿಯೇ ಆಧಾರ.

ನಾವು ಹಿಡಿದ ಪಕ್ಷ ತವರಿನ ಆಟಗಾರ್ತಿಯರದು. ನಮ್ಮನ್ನು ಆಳಿ ಹೋದವರ ಹೆಣ್ಣುಮಕ್ಕಳ ಪಕ್ಷ ನಾವೇಕೆ ಹಿಡಿಯಬೇಕು ಎಂದು ಮೊದಲ ವರ್ಷವೇ ತಕರಾರು ಎತ್ತಿದ್ದೆ. ಅವರು ತಮ್ಮ ಹುಲ್ಲಿನ ಮೇಲೆಯೇ ಪ್ರತಿ ವರ್ಷವೂ ಬೇಗ ಸೋಲುತ್ತಾರೆ, ಸೋಲುವವರ ಪಕ್ಷ ಹಿಡಿದರೆ ವಾದ ಹರಿತವಾಗುತ್ತದೆ ಎಂದು ಕಾಕಾ ಉತ್ತರ ಕೊಟ್ಟ. ನನಗದು ಒಪ್ಪಿಗೆಯಾಯಿತು. ಎಡಗೈಯಾಕಿ, ಅಳುಬುರುಕಿ, ಮೊಣಕಾಲಿನಾಕಿ ಎಂದು ಮೂವರಿಗೂ ನಾವೇ ಹೆಸರಿಟ್ಟೆವು.

ನಾನು ಪಿಯುಸಿ ಪಾಸಾದ ವರ್ಷ. ಬಿಎ ಓದಲು ಧಾರವಾಡಕ್ಕೆ ಹೋಗಬೇಕು, ಹಾಸ್ಟೆಲಿನಲ್ಲಿ ಇರಬೇಕು ಎಂಬುದು ನನ್ನ ಹಟ. ದೊಡ್ಡ ಚರ್ಚೆಗಳು ನಡೆಯುವುದೇ ಅಲ್ಲಿ. ನವಲಗುಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರಲಿ ಎಂಬುದು ಅಪ್ಪನ ಮನಸ್ಸು. ಅಪ್ಪ ಮಾತು ಕಡಿಮೆ ಆಡುವವನು. ನೀನೇ ಹಚ್ಚಿದ ಹುಚ್ಚು, ನೀನೇ ಬಿಡಿಸು ಎಂದು ಕಾಕಾನಿಗೆ ಹೇಳಿ ಹೊಲಕ್ಕೆ ಹೋದ.

ಅಂದು ಸಂಜೆ ಕಾಕಾ ಪಡಸಾಲೆಯಲ್ಲೇ ಚರ್ಚೆ ಏರ್ಪಡಿಸಿದ. ಗುರುತಿನ ನೆಲದ ಮೇಲೆ ಆಡುವವರಿಗೆ ಬಲ ಹೆಚ್ಚು ಎಂಬುದು ಅವನ ಪಕ್ಷ. ಮನೆ ಬಿಟ್ಟವರೇ ಬೆಳೆಯುತ್ತಾರೆ ಎಂಬುದು ನನ್ನದು. ಅವ್ವ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. ಅಪ್ಪ ಕಂಬಕ್ಕೆ ಒರಗಿದ್ದ.

"ನಿನ್ನ ಇಂಗ್ಲೆಂಡಿನ ಹೆಣ್ಮಕ್ಕಳು ತಮ್ಮ ಹುಲ್ಲಿನ ಮ್ಯಾಲ ವರ್ಷಾ ಸೋಲ್ತಾರಲ್ಲ ಕಾಕಾ. ಎಲ್ಲಿ ಹೋತು ಗುರುತಿನ ನೆಲದ ಬಲಾ?" ಎಂದೆ.

ಅವನು ಇದಕ್ಕೇ ಕಾದಿದ್ದವನಂತೆ ನಕ್ಕ. "ಹಂಗಾದ್ರ ಅದನ್ನ ಪುರಾವಿ ಅಂತ ಇಡೂಣು. ಈ ಸಲ ಅವರಾಗ ಒಬ್ಬಾಕಿ ಸೆಮಿಫೈನಲ್ಲಿಗೆ ಬಂದ್ಲಂದ್ರ ನೀ ನವಲಗುಂದಕ್ಕ. ಬರಲಿಲ್ಲಂದ್ರ ನಾನ ನಿನ್ನ ಟ್ರಂಕ್ ಹೊತ್ಕೊಂಡು ಧಾರವಾಡಕ್ಕ ಬರ್ತೀನಿ."

ಎಲ್ಲರೆದುರು ಒಪ್ಪಿದೆ. ಗೆದ್ದೇ ಬಿಟ್ಟೆ ಎಂದುಕೊಂಡಿದ್ದೆ. ಇಷ್ಟು ವರ್ಷ ಅವರ ಸೋಲನ್ನು ಕೇಳಿದವಳಲ್ಲವೇ ನಾನು.

ಎಡಗೈಯಾಕಿ ಮೊದಲ ದಿನವೇ ಸೋತಳು. ಮರುದಿನ ಅಳುಬುರುಕಿ. ನಾನು ಟ್ರಂಕಿನ ಧೂಳು ಒರೆಸಿದೆ. ಮೊಣಕಾಲಿನಾಕಿ ಒಂದು ಸುತ್ತು ಗೆದ್ದಳು. ಗೆಲ್ಲಲಿ ಬಿಡು ಎಂದೆ. ಎರಡನೆಯದನ್ನೂ ಗೆದ್ದಳು. ಹುಲ್ಲಿನ ಮೇಲೆ ಜಾರಿ ಬಿದ್ದಳಂತೆ, ಕುರ್ಚಿಯ ಮೇಲೆ ಕುಳಿತು ಮೊಣಕಾಲಿನ ಪಟ್ಟಿ ಬಿಚ್ಚಿ ಮತ್ತೆ ಬಿಗಿದು ಕಟ್ಟಿಕೊಂಡಳಂತೆ, ಅಷ್ಟು ಹೊತ್ತೂ ಜನ ಚಪ್ಪಾಳೆ ನಿಲ್ಲಿಸಲಿಲ್ಲವಂತೆ. ಕಾಕಾ ಇದನ್ನು ಹೇಳುವಾಗ ಮಾಳಿಗೆಯ ಮೇಲೆ ನನಗೆ ಮೈ ಜುಮ್ಮೆಂದಿತ್ತು. ಅಂದಿನಿಂದ ನನ್ನ ಬುದ್ಧಿ ಒಂದು ಕಡೆ, ಮನಸ್ಸು ಒಂದು ಕಡೆ. ಅವಳು ಗೆದ್ದಷ್ಟೂ ಧಾರವಾಡ ದೂರವಾಗುತ್ತಿತ್ತು. ಆದರೂ ಸಂಜೆಯಾದರೆ ಅವಳು ಗೆಲ್ಲಲಿ ಎಂದೇ ಏಣಿ ಹತ್ತುತ್ತಿದ್ದೆ. ಕ್ವಾರ್ಟರ್ ಫೈನಲ್ ಗೆದ್ದ ದಿನ ಅವ್ವ ಶಿರಾ ಮಾಡಿದಳು. ನಾನೂ ತಿಂದೆ, ಎರಡು ಸಲ ಹಾಕಿಸಿಕೊಂಡು.

ಸೆಮಿಫೈನಲ್ಲಿನಲ್ಲಿ ಮೂರನೇ ಸೆಟ್ಟಿನವರೆಗೆ ಹೋರಾಡಿ ಸೋತಳು ಎಂದು ಹೇಳುವಾಗ ಕಾಕಾನ ದನಿ ಬಿದ್ದುಹೋಗಿತ್ತು. ನಾನು ಅತ್ತೆ. ಆಮೇಲೆ ಕೆಳಗಿಳಿದು, ನವಲಗುಂದಕ್ಕೇ ಹೋಗುತ್ತೇನೆ ಎಂದು ಅಪ್ಪನಿಗೆ ಹೇಳಿದೆ. ಕೊಟ್ಟ ಮಾತು ಉಳಿಸಿಕೊಂಡಳು ಎಂದು ಅಪ್ಪ ನಾಲ್ಕು ಮಂದಿಯ ಮುಂದೆ ಹೊಗಳಿದ್ದು ಅದೊಂದೇ ಸಲ. ಎರೆಮಣ್ಣು ಹಿಡಿದ ಚಪ್ಪಲಿ ಹಾಕಿಕೊಂಡು ದಿನಾ ಬಸ್ಸು ಕಾದೆ. ನ್ಯಾಯವಾಗಿ ಸೋತವಳಿಗೆ ಒಂದು ನೆಮ್ಮದಿ ಇರುತ್ತದೆ, ಅದು ನನಗಿತ್ತು.

ಆ ಚಳಿಗಾಲದಲ್ಲಿ ಅಣ್ಣಿಗೇರಿಯಲ್ಲಿ ಅಂತರ ಕಾಲೇಜು ಚರ್ಚಾ ಸ್ಪರ್ಧೆ ಇತ್ತು. ಕಾಕಾ ಜೊತೆಗೆ ಬಂದ, ಮೂರನೇ ಸಾಲಿನಲ್ಲಿ ಕುಳಿತ. ಪರಿಸರವೇ ವ್ಯಕ್ತಿಯನ್ನು ರೂಪಿಸುತ್ತದೆ ಎಂಬುದು ವಿಷಯ, ನನ್ನದು ಪರ. ಕೊನೆಯ ಉದಾಹರಣೆಯಾಗಿ ಮೊಣಕಾಲಿನಾಕಿಯನ್ನು ಅವಳ ನಿಜವಾದ ಹೆಸರಿನಿಂದಲೇ ಕರೆದು ತಂದೆ. ಸ್ವಂತ ಜನರ ಚಪ್ಪಾಳೆ ಒಬ್ಬ ಗಾಯಾಳುವನ್ನು ಸೆಮಿಫೈನಲ್ಲಿಗೆ ಮುಟ್ಟಿಸಿತು ಎಂದೆ. ಸಭೆ ಚಪ್ಪಾಳೆ ತಟ್ಟಿತು.

ಎದುರು ಪಕ್ಷದಲ್ಲಿ ಹುಬ್ಬಳ್ಳಿಯ ಹುಡುಗಿಯೊಬ್ಬಳಿದ್ದಳು. ಅವಳು ದನಿ ಏರಿಸದೆ ಹೇಳಿದಳು: "ಆ ಆಟಗಾರ್ತಿ ಎರಡನೇ ಸುತ್ತಿನಲ್ಲೇ ಸೋತರು. ಈ ಸಲ ಸೆಮಿಫೈನಲ್ಲಿನಲ್ಲಿ ಆ ದೇಶದ ಒಬ್ಬರೂ ಇರಲಿಲ್ಲ. ನಮ್ಮ ಮನೆಗೆ ಇಂಗ್ಲಿಷ್ ಪತ್ರಿಕೆ ಬರುತ್ತದೆ."

ಪುರಾವೆ ಎಲ್ಲಿ ಎಂದು ಕೇಳಿದೆ. ಕಿಸೆಯಲ್ಲಿ ಪತ್ರಿಕೆ ಇಟ್ಟುಕೊಂಡು ಬಂದಿಲ್ಲ ಎಂದಳು, ಜನ ನಕ್ಕರು. ನಿರ್ಣಾಯಕರಲ್ಲಿ ಒಬ್ಬರು ಇಂಗ್ಲಿಷ್ ಅಧ್ಯಾಪಕರು. ನಾನೂ ಕೇಳಿದ್ದೇನೆ ತಾಯಿ, ಎರಡನೇ ಸುತ್ತೇ ಎಂದು ಅವರು ಮೆಲ್ಲಗೆ ಹೇಳಿದರು.

ನಾನು ಕಾಕಾನ ಕಡೆ ನೋಡಿದೆ. ಅವನು ಎದ್ದು ಇಲ್ಲ ಎನ್ನುತ್ತಾನೆ ಎಂದು ಪೂರ್ಣ ನಂಬಿದ್ದೆ. ಕಾಕಾ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತಿದ್ದ. ಒರೆಸಿ ಮುಗಿದ ಮೇಲೂ ತಲೆ ಎತ್ತಲಿಲ್ಲ. ಆ ಪಾಠ ಕಲಿಸಿದವನು ಅವನೇ ಆದ್ದರಿಂದ ನನಗೆ ಬೇರೆ ಪುರಾವೆ ಬೇಕಾಗಲಿಲ್ಲ.

ತಿರುಗಿ ಬರುವಾಗ ನವಲಗುಂದದ ಬಸ್ ನಿಲ್ದಾಣದಲ್ಲಿ ಮೊರಬದ ಬಸ್ಸಿಗೆ ಕಾಯಬೇಕಿತ್ತು.

"ಯಾವ ಸುತ್ತಿನಿಂದ?" ಎಂದು ಕೇಳಿದೆ.

"ಎರಡನೇದರಿಂದ."

"ಪಟ್ಟಿ ಬಿಚ್ಚಿ ಕಟ್ಟಿಕೊಂಡದ್ದು?"

"ಅದು ಖರೇನ. ಕಟ್ಟಿಕೊಂಡು ಆಡಿ ಸೋತ್ಲು."

"ಮತ್ತ ಶಿರಾ?"

"ನಿಮ್ಮವ್ವಗ ಗೊತ್ತಿಲ್ಲ. ಅಪ್ಪಗ ಗೊತ್ತೈತಿ. ಅವ ಒಲ್ಲೆ ಅಂತನ ಅನ್ನಾಂವ ಇದ್ದ ತಂಗಿ. ಒಲ್ಲೆ ಅನಿಸಿಕೊಂಡು ಮನ್ಯಾಗ ಕೂಡೂಕಿಂತ, ವಾದದಾಗ ಸೋತು ಕೂಡೂದು ನಿನಗ ಮಾನ ಅನಿಸ್ತು ನನಗ."

"ಒಲ್ಲೆ ಅಂದಿದ್ರ ಜಗಳಾ ತಗೀತಿದ್ದೆ. ಊಟಾ ಬಿಡ್ತಿದ್ದೆ. ನೀ ನನಗ ಜಗಳಕ್ಕೂ ಜಾಗಾ ಬಿಡಲಿಲ್ಲ ಕಾಕಾ."

ಬಾಜುಕ್ಕೆ ಒಬ್ಬ ಮುದುಕಿ ಶೇಂಗಾ ಸುಲಿಯುತ್ತಿದ್ದಳು. ನನಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಅಷ್ಟು ಗೆಲ್ಲಿಸಿದವನು ಫೈನಲ್ಲನ್ನೂ ಯಾಕೆ ಗೆಲ್ಲಿಸಲಿಲ್ಲ?

"ಫೈನಲ್ಲಿನ ಫೋಟೋ ನಮ್ಮ ಪೇಪರ್‌ನ್ಯಾಗೂ ಬರ್ತೈತಲ್ಲ," ಎಂದ.

ಹೇಳುವಾಗ ಅವನ ದನಿಯಲ್ಲಿ ಮಾಸ್ತರನ ಹುರುಪು ಒಂದು ಗಳಿಗೆ ಇಣುಕಿತು. ಸುಳ್ಳಿಗಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು. ಅವನು ಬಾಯಿಗೆ ಬಂದದ್ದನ್ನು ಹೇಳಿದ್ದಲ್ಲ. ನನ್ನಂಥವಳು ಎಲ್ಲಿ ಪರೀಕ್ಷೆ ಮಾಡಬಲ್ಲಳು, ಎಲ್ಲಿ ಮಾಡಲಾರಳು ಎಂದು ಲೆಕ್ಕ ಹಾಕಿ, ಮಾಡಲಾರದ ಜಾಗಕ್ಕೆ ಸರಿಯಾಗಿ ಅವಳನ್ನು ತಂದು ಸೋಲಿಸಿದ್ದ. ಆ ಲೆಕ್ಕ ಹಾಕಲು ನನ್ನನ್ನು ಅಷ್ಟು ಚೆನ್ನಾಗಿ ಬಲ್ಲವರು ಜಗತ್ತಿನಲ್ಲಿ ಇನ್ನೊಬ್ಬರಿರಲಿಲ್ಲ.

ಮನೆಗೆ ಹೋದ ಮೇಲೆ ಟ್ರಾನ್ಸಿಸ್ಟರನ್ನು ಅವನ ಗೂಟದಿಂದ ತೆಗೆದುಕೊಂಡೆ. ಚಳಿಗಾಲವೆಲ್ಲ ಆ ಸಿಡಿತಕ್ಕೆ ಕಿವಿ ಕೊಟ್ಟೆ. ಮೊದಲು ಊರುಗಳ ಹೆಸರು ತಿಳಿದವು, ಬೇಸಿಗೆಯ ಹೊತ್ತಿಗೆ ವಾಕ್ಯಗಳೂ ತಿಳಿದವು.

ಎರಡನೇ ವರ್ಷದ ಬಿಎಗೆ ಧಾರವಾಡಕ್ಕೆ ಬದಲಿಸಿಕೊಳ್ಳುವ ಅರ್ಜಿಯನ್ನು ಅಪ್ಪನ ಮುಂದೆ ಇಟ್ಟಾಗ ನಾನು ವಾದ ಮಾಡಲಿಲ್ಲ. ಅಪ್ಪ ಹುಬ್ಬು ಗಂಟಿಕ್ಕಿದ. "ಶಿರಾದ ಮಾತು ಅವ್ವಗ ಹೇಳ್ಲೇನಪ್ಪಾ?" ಎಂದು ಮಾತ್ರ ಕೇಳಿದೆ. ಅಪ್ಪ ಒಳಗೆ ಅವ್ವ ಇದ್ದ ಒಲೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿ, ಪೆನ್ನು ತಾ ಎಂದ.

ಹೊರಡುವ ಹಿಂದಿನ ಸಂಜೆ ಮಾಳಿಗೆಯ ಮೇಲೆ ಒಬ್ಬಳೇ ಕುಳಿತಿದ್ದೆ. ಕೆಳಗೆ ಪಡಸಾಲೆಯಲ್ಲಿ ಟ್ರಂಕು ಕಟ್ಟಿ ಇಟ್ಟಾಗಿತ್ತು. ಹುಲ್ಲಿನ ಪಂದ್ಯಾವಳಿ ಆಗಷ್ಟೇ ಶುರುವಾಗಿತ್ತು. ರೇಡಿಯೋ ನನ್ನ ಕಿವಿಗಿತ್ತು. ಮೊಣಕಾಲಿನಾಕಿ ಮೊದಲ ಸುತ್ತು ಗೆದ್ದಳು. ಸ್ಪಷ್ಟವಾಗಿ ಕೇಳಿದೆ, ಹೆಸರು, ಸೆಟ್ಟು, ಎಲ್ಲ. ಎದ್ದು ಯಾರಿಗಾದರೂ ಹೇಳಬೇಕೆನಿಸಿತು. ಹೇಳಬಹುದಾದವನು ಒಬ್ಬನೇ ಇದ್ದ, ಏಣಿಯ ಮೇಲೆ ಆಗಲೇ ನಿಂತಿದ್ದ. ಅವನ ಎದೆಯವರೆಗೆ ಮಾತ್ರ ಕಾಣುತ್ತಿತ್ತು.

"ನಮ್ಮಾಕಿ ಏನು ಮಾಡಿದ್ಲು?" ಎಂದು ಕೇಳಿದ.

"ಪೇಪರ್‌ನ್ಯಾಗ ಬರ್ತೈತಿ, ನೋಡ್ರಿ," ಎಂದೆ.

ಮೊದಲ ಸುತ್ತಿನ ಸುದ್ದಿ ನಮ್ಮ ಪೇಪರಿನಲ್ಲಿ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಏಣಿ ಕಿರುಗುಟ್ಟುವ ಸದ್ದು, ಒಂದೊಂದೇ ಮೆಟ್ಟಿಲು, ಕೆಳಗಿನವರೆಗೂ ಕೇಳಿಸಿತು.