ದೀಪ ಆರಿಸಿದ ಬಾಕ್ಸ್

ಸಬ್‌ವೂಫರ್‌ಗೆ, ಅಂದ್ರೆ ಬೇಸ್ ಸ್ಪೀಕರ್‌ಗೆ, ಬಾಕ್ಸ್ ಮಾಡಿಕೊಡೋದು ನನ್ನ ಕೆಲಸ. ಒಮ್ಮೆ ಕೊಟ್ಟ ಮೇಲೆ ಮತ್ತೆ ಫೋನ್ ಬಂದರೆ ಅದು ಹೊಗಳೋಕಲ್ಲ ಅಂತ ಇಷ್ಟು ವರ್ಷದಲ್ಲಿ ಗೊತ್ತಾಗಿದೆ. ಆವತ್ತು ಫೋನ್ ಮಾಡಿದವರು ಅಟ್ಟೂರಿನ ಬಿಲ್ಡರ್ ಒಬ್ಬರು. "ನಿಮ್ ಬಾಕ್ಸು ದೇವರ ದೀಪ ಆರಿಸ್ತಿದೆ ಕಣ್ರೀ. ನಮ್ಮಮ್ಮ ವಾಪಸ್ ಕೊಡು ಅಂತಿದ್ದಾರೆ."

ಹೆಬ್ಬಾಳದ ಟ್ರಾಫಿಕ್ಕಲ್ಲಿ ಒಂದೂವರೆ ಗಂಟೆ ಬೆಂದು ಹೋದೆ. ಬಾಕ್ಸ್ ದೇವರ ಮಂಟಪದ ಪಕ್ಕದಲ್ಲೇ ಇತ್ತು, ಅದರ ತೂತು ದೀಪದ ಕಡೆಗೆ. ಅವರ ತಾಯಿ ದೀಪ ಹಚ್ಚಿ, "ಹಾಕಪ್ಪ" ಅಂದರು. ಹಾಡು ಹಾಕಿದೆ. ಡ್ರಮ್ಮಿನ ನಾಲ್ಕನೇ ಏಟಿಗೆ ದೀಪ ಆರಿಹೋಯ್ತು.

"ಒಳಗೆ ಫ್ಯಾನ್ ಐತಾ?"

"ಇಲ್ಲಮ್ಮ. ಸ್ಪೀಕರ್ ಹಿಂದಿನ ಗಾಳಿ ಆ ತೂತಿಂದ ಬರುತ್ತೆ. ಬೇಸ್ ಗಟ್ಟಿಯಾಗೋದೇ ಅದರಿಂದ."

"ಬರ್ಲಿ. ಇಂಗೆ ಊದ್ಕೊಂಡು ಯಾಕ್ ಬರ್ಬೇಕು? ತೂತು ಚಿಕ್ಕದಾಯ್ತೇನೋ."

ಅವರು ಹೇಳಿದ್ದು ಸರಿ. ಲೆಕ್ಕದ ಪ್ರಕಾರ ಆ ತೂತಿಗೆ ನಾಲ್ಕಿಂಚಿನ ಪೈಪ್ ಹಾಕಬೇಕಿತ್ತು. ಅಗಲ ಹೆಚ್ಚಾದರೆ ಉದ್ದವೂ ಹೆಚ್ಚಬೇಕು, ಆ ಬಾಕ್ಸಲ್ಲಿ ಅದು ಹಿಡಿಸ್ತಿರಲಿಲ್ಲ. ಮತ್ತೆ ಪ್ಲೈವುಡ್ ಕೊಯ್ಯೋಕೆ ಬೇಜಾರಾಗಿ ಎರಡಿಂಚಿನದನ್ನು ತುರುಕಿದ್ದೆ. ಮಗನ ಕಿವಿಗೆ ಗೊತ್ತಾಗದ್ದು ತಾಯಿಯ ದೀಪಕ್ಕೆ ಗೊತ್ತಾಗಿತ್ತು.

ಬಾಕ್ಸ್ ಹೊತ್ತು ತಂದು, ದೊಡ್ಡದಾಗಿ ಇನ್ನೊಂದು ಮಾಡಿಕೊಟ್ಟೆ. ಈಗ ತೂತಿನ ಮುಂದೆ ದೀಪ ಇಟ್ಟು ನೋಡದೆ ಯಾವ ಬಾಕ್ಸನ್ನೂ ಕಳಿಸಲ್ಲ. ಗಿರಾಕಿಗಳು ಪೂಜೆ ಅಂದ್ಕೊಂಡು ಚಪ್ಪಲಿ ಬಿಟ್ಟು ಕೈ ಮುಗೀತಾರೆ. ಎಲ್ಲರಿಗೂ ವಿವರಿಸಿ ವಿವರಿಸಿ ಸುಸ್ತಾಗಿ, ಈಗೀಗ ಪಕ್ಕದಲ್ಲಿ ಕುಂಕುಮಾನೂ ಇಟ್ಟಿದ್ದೀನಿ.