ಕೊಬ್ಬರಿ ಎಣ್ಣೆ ಹಚ್ಚಿದ ಗ್ಲೌಸು

ಸೋಮವಾರ ಬಟ್ಟೆ ಒಗೆಯುವ ದಿನ. ಬಿಸಿಲಿದ್ದರೆ ಹಿತ್ತಲಿನ ಹಗ್ಗಕ್ಕೆ, ಇಲ್ಲದಿದ್ದರೆ ಬಾಯ್ಲರ್ ಪಕ್ಕದ ಬೆಚ್ಚನೆಯ ಕಪಾಟಿಗೆ. ಈ ಕ್ರಮ ತಪ್ಪಿದ್ದು ನನಗೆ ನೆನಪಿಲ್ಲ. ಪಕ್ಕದ ಮನೆಯ ಜೀನ್ ನನ್ನ ಹಗ್ಗ ನೋಡಿಯೇ ವಾರ ಯಾವುದೆಂದು ತಿಳಿದುಕೊಳ್ಳುತ್ತಾಳಂತೆ. ಅದು ಹೊಗಳಿಕೆಯೋ ಹಂಗಿಸುವಿಕೆಯೋ ನಾನು ವಿಚಾರಿಸಲು ಹೋಗಿಲ್ಲ. ಲೀಡ್ಸಿನ ಏಪ್ರಿಲ್ ತಿಂಗಳು ನಿಮಗೆ ಗೊತ್ತಿರಬಹುದು: ಒಂದು ಕಪ್ ಚಹಾ ಮುಗಿಯುವುದರೊಳಗೆ ಬಿಸಿಲು, ಮಳೆ, ಆಲಿಕಲ್ಲು, ಮತ್ತೆ ಏನೂ ಆಗಿಲ್ಲವೆಂಬಂತೆ ಬಿಸಿಲು. ಇಂಥ ಊರಿನಲ್ಲಿ ಮನುಷ್ಯರಾದರೂ ಕ್ರಮಬದ್ಧವಾಗಿರಬೇಡವೆ?

ಹೋದ ವಾರ ಚಳಿಗಾಲದ ದುಪ್ಪಟಿಗಳನ್ನು ಮಡಿಸಿಡಲು ಆ ಕಪಾಟು ತೆರೆದಾಗ ಎಂದಿನ ವಾಸನೆಯೇ ಎದುರಾಯಿತು. ಸಾಬೂನಿನದಲ್ಲ, ಕೊಬ್ಬರಿ ಎಣ್ಣೆ ಮತ್ತು ಚರ್ಮದ ವಾಸನೆ. ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟ ಬಿಳಿ ಹಾಸುಗಳ ಮೇಲೆ, ಮಹಾರಾಜನ ಹಾಗೆ, ಒಂದು ದಪ್ಪ ಬೇಸ್‌ಬಾಲ್ ಗ್ಲೌಸು. ನಮ್ಮವರದು. ಅದನ್ನು ಮೊಮ್ಮಗಳು ನೀಲಾ ಫೋನಿನಲ್ಲಿ ಕೇಳಿದ್ದಳು. ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ, ಅಲ್ಲಿ ಬೇಸ್‌ಬಾಲ್ ತಂಡ ಸೇರಿದ್ದಾಳೆ.

"ಅಜ್ಜಿ, ಅಜ್ಜಾಸ್ ಗ್ಲೌಸ್ ಕೊಡ್ತೀರಾ? ಐ ವಾಂಟ್ ಟು ಬಿ ಎ ಕ್ಯಾಚರ್, ಜಸ್ಟ್ ಲೈಕ್ ಹಿಮ್."

"ಹೊಸಾದು ಕೊಡಸ್ತೀನಿ," ಎಂದೆ.

"ಇಟ್ಸ್ ಜಸ್ಟ್ ಸಿಟ್ಟಿಂಗ್ ದೇರ್, ಅಜ್ಜಿ."

ಅದೇ ತೊಂದರೆ. ಅದು ಅಲ್ಲಿ ಸುಮ್ಮನೆ ಇರಲಿ ಎಂಬುದೇ ನನ್ನ ಆಸೆಯಾಗಿತ್ತು. ಶನಿವಾರ ಬರುತ್ತೇನೆ, ಆಗ ಹೇಳಿ ಎಂದಳು ಹುಡುಗಿ.

ನಮ್ಮವರು ಜಿಪಿ ಡಾಕ್ಟರಿಕೆಯಿಂದ ನಿವೃತ್ತರಾದ ವಸಂತದಲ್ಲಿ ಕೈಕಾಲು ಸುಮ್ಮನಿರಲಾರದೆ ಹವ್ಯಾಸ ಹುಡುಕುತ್ತಿದ್ದರು. ಮೊದಲು ಟೊಮ್ಯಾಟೊ ಬೆಳೆದರು. ಹಣ್ಣಾಗುವ ಮುಂಚೆ ಬೇಸಿಗೆ ಮುಗಿಯಿತು. ಆಮೇಲೆ ಪಕ್ಷಿವೀಕ್ಷಣೆ, ಪಾರಿವಾಳ ಬಿಟ್ಟು ಏನೂ ಸಿಗಲಿಲ್ಲ. ಒಂದು ಭಾನುವಾರ ವಾಕಿಂಗ್ ಹೋದವರು ಪಾರ್ಕಿನಲ್ಲಿ ಯಾರೋ ಸ್ಟಂಪು ನೆಡದೆ ಕ್ರಿಕೆಟ್ ಆಡುತ್ತಿದ್ದಾರೆಂದು ತಿದ್ದಲು ಹೋದರು. ಅದು ಬೇಸ್‌ಬಾಲು. ತಂಡದ ನಾಯಕ ಡೇವ್ ಅವರ ಹಳೆಯ ಪೇಷಂಟು. ತಿದ್ದಲು ಬಂದವರ ಕೈಗೆ ಬ್ಯಾಟು ಕೊಟ್ಟ. ಹುಬ್ಬಳ್ಳಿಯ ಬಯಲಿನಲ್ಲಿ ಕಲಿತ ಆಟ ಎಲ್ಲಿ ಹೋದೀತು? ಬೇಸ್‌ಬಾಲಿನಲ್ಲಿ ಬ್ಯಾಟು ಬಿಸಾಕಿ, ಒಂದೊಂದೇ ಬೇಸು ದಾಟುತ್ತ ಸುತ್ತು ಓಡಬೇಕಂತೆ. ಇವರು ಚೆಂಡು ಹೊಡೆದು, ಬ್ಯಾಟನ್ನು ಕೈಯಲ್ಲಿ ಹಿಡಿದೇ ಓಡಿ, ಮೊದಲ ಬೇಸಿನ ಮೇಲೆ ಅದನ್ನು ಊರಿ, ರನ್ ಸಿಕ್ಕಿತೆಂದು ತಿರುಗಿ ವಾಪಸ್ ಓಡಿಬಂದರಂತೆ.

ಮನೆಗೆ ಬಂದಾಗ ಮುಖ ಕೆಂಪಗಾಗಿತ್ತು. "ಏ, ಇಲ್ಲಿ ಕೇಳು. ಎಷ್ಟ್ ಚೆಂದ ಲೇಟ್ ಕಟ್ ಹೊಡದೆ, ಅದಕ್ಕ ಫೌಲ್ ಅಂತಾರ ಮಬ್ಬಗೋಳು!"

"ಮೊದಲ ಆ ಬೂಟು ಹೊರಗ ಬಿಡ್ರಿ," ಎಂದೆ. ನಲವತ್ತು ಹಾಸಿಗೆಯ ವಾರ್ಡಿಗೆ ಸಿಸ್ಟರ್ ಆಗಿದ್ದವಳ ಪ್ರೀತಿ ಹೀಗೆಯೇ ಇರುತ್ತದೆ.

ಮೊದಲ ಪಂದ್ಯಕ್ಕೆ ಮ್ಯಾಂಚೆಸ್ಟರಿನಿಂದ ತಂಡ ಬಂದಿತ್ತು. ನಾನು ಫ್ಲಾಸ್ಕಿನಲ್ಲಿ ಚಹಾ ಹಿಡಿದು, ಕೊಡೆಯ ಕೆಳಗೆ ಕುಳಿತಿದ್ದೆ. ಅಂಪೈರು ನಮ್ಮವರ ಕೊರಳು ನೋಡಿ ನಿಂತ. ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ತಾಯಿ ಕಟ್ಟಿದಂದಿನಿಂದ ಅದು ಅವರ ಮೈ ಬಿಟ್ಟಿದ್ದಿಲ್ಲ.

"ಡಾಕ್ಟರೇ, ಆ ಸರ ತೆಗೆಯಬೇಕು. ಒಡವೆ ಹಾಕಿಕೊಂಡು ಆಡುವಂತಿಲ್ಲ."

"ಇದು ಒಡವೆ ಅಲ್ಲ, ನನ್ನ ದೇವರು."

"ಇರಬಹುದು. ನಿಮ್ಮ ದೇವರು ತೂಗಾಡಿ ಯಾರದಾದರೂ ಹಲ್ಲಿಗೆ ಬಡಿದರೆ ನಾನು ಉತ್ತರ ಕೊಡಬೇಕು."

ನಮ್ಮವರು ಜಗಳಾಡಲಿಲ್ಲ. ಟೊಪ್ಪಿಗೆ ತೆಗೆದು ಡೇವ್‌ನ ಕೈಗಿಟ್ಟು ನನ್ನ ಕಡೆ ನಡೆದು ಬಂದರು. "ನಡಿ, ಮನಿಗೆ ಹೋಗೂಣು." ವಾರವಿಡೀ ಕನ್ನಡಿಯ ಮುಂದೆ ಬ್ಯಾಟು ಬೀಸಿದ ಮನುಷ್ಯ. ಆ ಮುಖ ನೋಡಲಾಗಲಿಲ್ಲ. ಅವರು ಹೊರಟರೆ ತಂಡಕ್ಕೆ ಆಳೂ ಸಾಲದು. ಡೇವ್ ಆಕಾಶ ನೋಡುತ್ತಿದ್ದ.

ನನ್ನ ಚೀಲದಲ್ಲಿ ಆಸ್ಪತ್ರೆಯ ಅಂಟುಪಟ್ಟಿ ಸದಾ ಇರುತ್ತದೆ. ಅಂಪೈರಿನ ಹತ್ತಿರ ಹೋಗಿ ಕೇಳಿದೆ: "ತೂಗಾಡದಿದ್ದರೆ ಆಗಬಹುದೆ?"

ಅವನು ಪಟ್ಟಿ ನೋಡಿದ, ನನ್ನನ್ನು ನೋಡಿದ. "ತೂಗಾಡದಿದ್ದರೆ ನಾನು ನೋಡಿಯೇ ಇಲ್ಲ, ಲವ್." ಈ ಕಡೆಯವರಿಗೆ ಹೆಂಗಸರೆಲ್ಲರೂ ಲವ್ವೇ.

ಕಾರಿನ ಮರೆಯಲ್ಲಿ ಅಂಗಿ ಬಿಚ್ಚಿಸಿ, ಕರಡಿಗೆಯನ್ನು ಎದೆಗೆ ಇಟ್ಟು, ಪಟ್ಟಿ ಒತ್ತಿ ಹಚ್ಚಿದೆ. ಆಪರೇಷನ್ ಆದವರಿಗೂ ಅಷ್ಟು ಬಿಗಿಯಾಗಿ ಹಚ್ಚಿರಲಿಲ್ಲ. "ಸಾವಕಾಶ, ಮಾರಾಯ್ತಿ! ಎದಿಗೂದಲಾ!" ಎಂದರು. ಡೇವ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ಯಾಚರ್ ಧರಿಸುವ ದಪ್ಪ ಎದೆಗವಚ ತಂದು ಮೇಲೆ ಕಟ್ಟಿದ. ಹೀಗೆ ನಮ್ಮವರು ಕ್ಯಾಚರ್ ಆದರು.

ಆಮೇಲೆ ತಿಳಿಯಿತು, ಆ ಜಾಗ ಅವರಿಗೆಂದೇ ಇತ್ತು. ಕ್ಯಾಚರ್ ಆದವನು ಹೊಡೆಯುವವನ ಹಿಂದೆ ಕುಕ್ಕರಗಾಲಲ್ಲಿ ಕೂರಬೇಕು. ತಂಡದ ಹುಡುಗರು ಹತ್ತು ನಿಮಿಷಕ್ಕೇ ಮಂಡಿ ಹಿಡಿದುಕೊಂಡು ಅಳುತ್ತಿದ್ದರು. ಇವರು ಪಂದ್ಯವಿಡೀ ಆರಾಮಾಗಿ ಕುಳಿತಿದ್ದರು. ಗುಟ್ಟೇನೆಂದು ಡೇವ್ ಕೇಳಿದ. ಇಂಗ್ಲಿಷಿನಲ್ಲಿ "ಯೋಗಾ" ಎಂದರು. ನನಗೆ ಕನ್ನಡದಲ್ಲಿ ಹೇಳಿದರು: "ಸಣ್ಣಾಂವಿದ್ದಾಗಿಂದ ದಿನಾ ಮುಂಜಾನೆ ತಂಬಿಗಿ ಹಿಡಕೊಂಡು ಇದಽ ಪ್ರ್ಯಾಕ್ಟೀಸು!" ಅಂದು ಸೋತರು. ಸಂಜೆ ಪಟ್ಟಿ ಕಿತ್ತಾಗ ಅವರು ಹಾಕಿದ ಕೂಗಿಗೆ ಜೀನ್ ಬೇಲಿಯವರೆಗೆ ಓಡಿಬಂದಿದ್ದಳು.

ಗ್ಲೌಸು ಮೆತ್ತಗಾಗಲು ಎಣ್ಣೆ ಹಚ್ಚಬೇಕಂತೆ. ಇವರು ಹಚ್ಚಿದ್ದು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಇಟ್ಟದ್ದು ಗ್ಯಾರೇಜಿನಲ್ಲಿ. ಬೆಳಗಾಗುವುದರೊಳಗೆ ಎಣ್ಣೆ ಹೆಪ್ಪುಗಟ್ಟಿ ಗ್ಲೌಸು ಖಡಕ್ ರೊಟ್ಟಿಯಾಗಿತ್ತು. ಅಂದಿನಿಂದ ಅದರ ವಾಸ ನನ್ನ ಕಪಾಟಿನಲ್ಲಿ. ಪ್ರತಿಭಟಿಸಿದೆ, ಸೋತೆ, ನಮ್ಮ ಹಾಸಿಗೆಗಳೆಲ್ಲ ಎಣ್ಣೆಸ್ನಾನದ ವಾಸನೆ ಬೀರತೊಡಗಿದವು.

ಅವರು ಹೋದಾಗ, ನಮ್ಮಲ್ಲಿ ಮಾಡುವ ಹಾಗೆ, ಎಡಗೈಯಲ್ಲಿ ಲಿಂಗವಿಟ್ಟೇ ಮಣ್ಣು ಮಾಡಿದೆವು. ಅದೇ ಎಡಗೈ ತೊಡುತ್ತಿದ್ದ ಗ್ಲೌಸು ಕಪಾಟಿನಲ್ಲಿ ಉಳಿಯಿತು. ಪ್ರತಿ ವಸಂತ, ಇಲ್ಲಿಯವರು ಬೇಸಿಗೆಗಾಗಿ ಗಡಿಯಾರ ಒಂದು ತಾಸು ಮುಂದಿಡುವ ದಿನ, ನಾನೇ ಅದಕ್ಕೆ ಎಣ್ಣೆ ಹಚ್ಚುತ್ತೇನೆ. ಯಾಕೆಂದು ಕೇಳಬೇಡಿ. ವಾರ್ಡಿನಲ್ಲಿ ಬಳಸದ ಉಪಕರಣವನ್ನೂ ಒರೆಸಿಡುತ್ತಿದ್ದೆವು.

ಶನಿವಾರ ನೀಲಾ ಬಂದಳು. ಗ್ಲೌಸಿಗೆ ಕೈ ತೂರಿಸಿ, ಮೂಗಿಗೆ ಹಿಡಿದು, "ಸ್ಮೆಲ್ಸ್ ಲೈಕ್ ಅಜ್ಜ," ಎಂದಳು. ನಾನು ದುಪ್ಪಟಿ ಮಡಿಸಿದೆ. ಮಡಿಸಿದ್ದನ್ನೇ ಮತ್ತೆ ಮಡಿಸಿದೆ. ಅವಳು ಒತ್ತಾಯಿಸಲಿಲ್ಲ, ಗ್ಲೌಸನ್ನು ಹಾಸಿನ ಮೇಲೆ ವಾಪಸ್ ಇಟ್ಟು, ತಂದಿದ್ದ ಚೆಂಡು ತಿರುಗಿಸುತ್ತ ಹಿತ್ತಲಿಗೆ ಹೋದಳು. ಕಿಟಕಿಯಿಂದ ನೋಡಿದೆ. ಕ್ಯಾಚರ್ ಹಾಗೆ ಕೂರಲು ಹೋಗಿ, ಹಿಮ್ಮಡಿ ಮೇಲೆದ್ದು, ಹಿಂದಕ್ಕೆ ಉರುಳಿದಳು.

ತಪ್ಪಾಗಿ ಮಾಡಿದ್ದನ್ನು ನೋಡಿ ಸುಮ್ಮನಿರುವ ಜಾಯಮಾನ ನನ್ನದಲ್ಲ. ಗ್ಲೌಸು ಹಿಡಿದೇ ಹೊರಗೆ ಹೋದೆ.

"ಹಂಗಲ್ಲ. ಹಿಮ್ಮಡಿ ನೆಲಕ್ಕ ಊರಬೇಕು. ಹಿಂಗ ನೋಡು." ಸೀರೆ ಎತ್ತಿ ಕಟ್ಟಿ ಕುಳಿತೆ. ಗ್ಲೌಸು ಎಲ್ಲಿಡಲಿ? ಎಡಗೈಗೆ ಹಾಕಿಕೊಂಡೆ. ಒಳಗೆ ಅವರ ಬೆರಳುಗಳ ಗುಳಿ ಇನ್ನೂ ಇತ್ತು. ನನ್ನವು ಅದರಲ್ಲಿ ಸಡಿಲಾಗಿ ಕುಳಿತವು.

"ಎಸಿ," ಎಂದೆ.

"ಅಜ್ಜಿ, ನೋ!"

"ಎಸೀತಿಯೋ ಇಲ್ಲೋ?"

ಮೆಲ್ಲಗೆ ಎಸೆದಳು. ಚೆಂಡು ಬಂದು ಗ್ಲೌಸಿನಲ್ಲಿ ಟಪ್ ಎಂದು ಕೂತಿತು. ವರ್ಷಗಟ್ಟಲೆ ನಾನು ಕೊಡೆಯ ಕೆಳಗಿನಿಂದ ಕೇಳಿದ ಸದ್ದು. ಅಷ್ಟು ದಿನ ಮೆತ್ತಗಿಟ್ಟದ್ದು ಈ ಸದ್ದಿಗಾಗಿ, ಕಪಾಟಿಗಾಗಿ ಅಲ್ಲ. ಆಲಿಕಲ್ಲು ಶುರುವಾಯಿತು. ಕೂರುವುದು ಬಂದಿತ್ತು, ಏಳುವುದು ಬೇರೆ ಮಾತು. ನೀಲಾ ಎಡಗೈ ಚಾಚಿ ಎಬ್ಬಿಸಿದಳು. ಆ ಕೈಗೇ ಗ್ಲೌಸು ತೊಡಿಸಿದೆ.

"ಗ್ಯಾರೇಜಿನ್ಯಾಗ ಇಡಬ್ಯಾಡ. ಖಡಕ್ ಆಗ್ತದ."

ಇಂದು ಸೋಮವಾರ. ಮೋಡದ ತುಣುಕೂ ಇಲ್ಲ, ಹದವಾದ ಗಾಳಿ. ಕಪಾಟು ತೆರೆದು ಹಾಸುಗಳನ್ನು ಎತ್ತಿಕೊಂಡೆ. ಗ್ಲೌಸು ಹೋದರೂ ಅವುಗಳಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಇತ್ತು. ಒಂದು ಒಗೆತಕ್ಕೆ ಹೋಗಿಬಿಡುತ್ತದೆ. ಅವನ್ನು ಅಲ್ಲೇ ಇಟ್ಟು, ಚಹಾ ಮಾಡಿಕೊಂಡು ಹಿತ್ತಲಲ್ಲಿ ಕುಳಿತೆ.

ಬೇಲಿಯ ಮೇಲೆ ಜೀನ್‌ಳ ತಲೆ ಕಾಣಿಸಿತು. "ಬಟ್ಟೆ ಒಣಗಲು ಇಂಥ ದಿನ ಮತ್ತೆ ಸಿಗುತ್ತದೆಯೆ? ನಿನ್ನ ಹಗ್ಗ ಖಾಲಿ! ಮೈಗೆ ಹುಷಾರಿಲ್ಲವೆ?"

"ಹುಷಾರಾಗಿದ್ದೇನೆ," ಎಂದೆ. "ನಾಳೆ ಒಗೆದರಾಯಿತು."