ಬೆನ್ನುನೋವಿಗೆ ಖಾಲಿ ಬುತ್ತಿ

ಕಳೆದ ವಾರ ತುರ್ವಿಹಾಳದಿಂದ ಫೋನ್. ಆ ಕಡೆ ನಮ್ಮಕ್ಕನ ಅತ್ತೆ.

"ನಿಮ್ಮಕ್ಕ ದಿನಾ ಸಂಜಿಮುಂದ ಕಾಲುವಿ ಕಡಿ ಬುತ್ತಿ ಒಯ್ಯಾಕತ್ಯಾಳ. ನನ್ನ ಮಗ ನೋಡಿದ್ರ ಟಿವಿ ಮುಂದ ಕುಂತಾನ. ಹಂಗಾರ ಉಣ್ಣೋರು ಯಾರು? ನೀನ ಬಂದು ಕೇಳವ್ವಾ!"

ಈ ವಯಸ್ಸಿನಲ್ಲಿ ಇದೆಂಥ ಸಂಶಯ? ನಮ್ಮ ಶಾಂತಕ್ಕ ಮೊಮ್ಮಗನನ್ನು ಕಂಡವಳು! (ಒಳಗೊಳಗೇ ಸ್ವಲ್ಪ ಕುತೂಹಲವೂ ಆಯಿತು, ಸುಳ್ಳು ಯಾಕೆ ಹೇಳಲಿ?) ಸಿಂಧನೂರಿನಲ್ಲಿ ಸಿಕ್ಕ ಬಸ್ಸು ಹತ್ತಿದೆ.

ಅಕ್ಕನದು ಹಳೇ ಬೆನ್ನುನೋವು. ಭತ್ತದ ನಾಟಿಗೆ ಬಗ್ಗಿದಾಗ ಹಿಡಿದದ್ದು, ವರ್ಷಗಳಾದರೂ ಬಿಟ್ಟಿರಲಿಲ್ಲ. ಎಕ್ಸ್‌ರೇ ನಾರ್ಮಲ್. ಸ್ಕ್ಯಾನ್ ನಾರ್ಮಲ್. ನಮ್ಮ ಜನಕ್ಕೆ ಇನ್ನೇನು ಬೇಕು? "ಏನೂ ಇಲ್ಲಂತ. ಬರೇ ನಖರಾ" ಅಂದುಬಿಟ್ಟರು ಅತ್ತೆ. ನೋವಿಗಿಂತ ಆ ಮಾತಿಗೇ ಅಕ್ಕ ಹೆಚ್ಚು ಅತ್ತಳು. ಊರಲ್ಲೇ ನೋವು ಇಳಿಸುವ ಸೂಜಿ ಮಾಡಿಸಿಕೊಳ್ಳುವುದು, ಮಲಗುವುದು, ಮತ್ತೆ ಸೂಜಿ. ಆ ಔಷಧಿಗೆ ಹೊಟ್ಟೆ ಉರಿಯಲು ಶುರುವಾಯಿತೇ ಹೊರತು ನೋವು ಹೋಗಲಿಲ್ಲ. ಮಗಳ ಕೂಸನ್ನು ಎತ್ತಿಕೊಳ್ಳಲೂ ಆಗುತ್ತಿರಲಿಲ್ಲ.

ಬೇಸಿಗೆಯಲ್ಲಿ ನಾನೇ ಹಟ ಹಿಡಿದು ಸಿಂಧನೂರಿನ ಡಾಕ್ಟರಮ್ಮನ ಹತ್ತಿರ ಕರೆದೊಯ್ದಿದ್ದೆ.

"ಎಕ್ಸ್‌ರೇದಾಗ ಎಲುಬು ಕಾಣ್ತಾವ್ರೀ, ನೋವು ಕಾಣಂಗಿಲ್ಲ. ನಿಮ್ಮ ನೋವು ಖರೇನ ಅದ" ಎಂದರು ಆಕೆ. ಅಕ್ಕ ಅಲ್ಲೇ ಬಿಕ್ಕಿದಳು.

ಒಳಗಿನ ಪೆಟ್ಟು ಮಾಯ್ದ ಮೇಲೂ ಕೆಲವರ ನರಗಳು ಕೂಗುವುದನ್ನು ನಿಲ್ಲಿಸುವುದಿಲ್ಲವಂತೆ. ಹೆದರಿ ಮಲಗಿದಷ್ಟೂ ಮೈ ಬಿಗಿಯುತ್ತದಂತೆ. ಸೂಜಿ ಬಂದ್. ಒಂದಿಷ್ಟು ವ್ಯಾಯಾಮ, ದಿನಾ ವಾಕಿಂಗ್, ಅದೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ.

"ಪೂರ್ತಿ ಹೋಗ್ತದೇನ್ರೀ?"

"ಪೂರ್ತಿ ಹೋಗ್ತದಂತ ಹೇಳಂಗಿಲ್ಲ. ಆದ್ರ ಮೊಮ್ಮಗನ್ನ ಎತ್ಕೊಳ್ಳುವಂಗ ಆಗ್ತೀರಿ."

ಅಕ್ಕನಿಗೆ ಅಷ್ಟೇ ಬೇಕಿತ್ತು.

ಸರಿ, ನಾನು ತುರ್ವಿಹಾಳ ಮುಟ್ಟುವಷ್ಟರಲ್ಲಿ ಅತ್ತೆ ಬುತ್ತಿಯ ಗಂಟು ಬಿಚ್ಚಿ ಕೂತಿದ್ದರು. ಒಳಗೆ ಡಬ್ಬಿ. ಡಬ್ಬಿಯೊಳಗೆ ಏನೂ ಇಲ್ಲ!

"ಇದೇನು ಹುಚ್ಚಾಟ ಬೇ?" ಎಂದು ಅತ್ತೆ ಅಕ್ಕನನ್ನು ಕೇಳಿದರು.

ಅಕ್ಕ ತಣ್ಣಗೆ ಹೇಳಿದಳು: "ಬರೇ ಕೈಲೆ ಹೋದ್ರ ಊರೆಲ್ಲ 'ಎಲ್ಲಿಗೆ ಹೊಂಟಿ' ಅಂತದ. 'ಸುಮ್ನ' ಅಂದ್ರ 'ಸುಮ್ನ ಯಾಕ' ಅಂತಾರ. ಕೈಯಾಗ ಬುತ್ತಿ ಇದ್ರ ಹೊಲಕ್ಕ ಹೊಂಟಾಳಂತ ಬಿಡ್ತಾರ. ನಡದ್ರ ನನ್ನ ಬೆನ್ನು ಹಗುರಾಗ್ತದ, ಅತ್ತಿ. ಸೂಜಿ ಬಿಟ್ಟೀನಿ. ಮೊನ್ನೆ ಕೂಸಿನ್ನ ಎತ್ಕೊಂಡು ಅಂಗಳದಾಗ ತಿರುಗಿದ್ನಲ್ಲ, ನೀವು ನೋಡಿಲ್ಲೇನು?"

"ನಂಗರ ಹೇಳಬಾರ್ದೇನು?"

"ನಖರಾ ಅಂತಿದ್ರಿ."

ನನಗೋ ಒಳಗೇ ಖುಷಿ. ಅತ್ತೆ ಡಬ್ಬಿಯನ್ನು ಅತ್ತ ಸರಿಸಿ, "ಹೊತ್ತಾತು, ಹೋಗಿ ಬಾ. ಕೇಳಿದೋರಿಗೆ ನಾ ಹೇಳ್ತೀನಿ" ಅಂದರು. ಅಕ್ಕ ಕೈ ಬೀಸುತ್ತಾ ಹೊರಟಳು, ಹಿಂದೆ ಏದುಸಿರು ಬಿಡುತ್ತಾ ನಾನು.

ದಾರಿಯಲ್ಲಿ ಚಹಾದಂಗಡಿ. ಮುಂದೆ ಗಂಡಸರ ದೊಡ್ಡ ಗುಂಪು, ಎಲ್ಲರೂ ಸುಮ್ಮನೆ ಕೂತವರೇ. ಅವರನ್ನು ಯಾರೂ 'ಯಾಕೆ' ಅಂತ ಕೇಳುವುದಿಲ್ಲ. ಹೆಣ್ಣುಮಗಳೊಬ್ಬಳು ತನ್ನ ಬೆನ್ನಿಗಾಗಿ ನಾಲ್ಕು ಹೆಜ್ಜೆ ನಡೆಯಬೇಕಾದರೆ ಮಾತ್ರ, ಇನ್ನೊಬ್ಬರ ಹಸಿವಿನ ನೆಪ ಯಾಕೆ ಬೇಕು?